ಫೋನು ಯಾರ ಮನೆಯಲ್ಲಿತ್ತು?

ಬೆಂಗಳೂರಿನ ತಂತ್ರಜ್ಞಾನದ ಕಥೆ ಹೇಳಲು ಯಾರಾದರೂ ಕೂತರೆ ಮೊದಲ ಐದು ನಿಮಿಷದಲ್ಲೇ ನನಗೆ ಆಕಳಿಕೆ ಬರುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲೆ ಇನ್ಫೋಸಿಸ್ ಬೆಳೆಯಿತು, ಆಮೇಲೆ ವೈಟ್‌ಫೀಲ್ಡು, ಆಮೇಲೆ ಸ್ಟಾರ್ಟಪ್ಪು. ಪಿಂಚಣಿದಾರರು ವಾಕಿಂಗ್ ಹೋಗುತ್ತಿದ್ದ ಊರು ಒಂದು ಬೆಳಿಗ್ಗೆ ಎದ್ದು ಸಿಲಿಕಾನ್ ವ್ಯಾಲಿ ಆಯಿತಂತೆ. ಈ ಪುರಾಣದಲ್ಲಿ ಒಂದೇ ಒಂದು ಫೋನೂ ರಿಂಗಾಗುವುದಿಲ್ಲ. ಐಟಿ ಎಂಬ ಎರಡಕ್ಷರ ಬರುವ ಎಷ್ಟೋ ಮೊದಲು ಈ ಊರಿನಲ್ಲಿ ಐಟಿಐ ಎಂಬ ಮೂರಕ್ಷರ ಇತ್ತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948. ದೇಶಕ್ಕೆಲ್ಲ ಫೋನು, ಎಕ್ಸ್‌ಚೇಂಜು ತಯಾರಿಸಿಕೊಟ್ಟ ಕಾರ್ಖಾನೆ. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದು ಹೆಸರಿಟ್ಟರು. ಈಗ ಮಾತಿನಲ್ಲಿ ಯಾರೂ ದೂರವಾಣಿ ಅನ್ನುವುದಿಲ್ಲ. ಪದ ಬಳಕೆಯಿಂದ ಬಿದ್ದುಹೋಗಿ ಪಿನ್‌ಕೋಡಿನ ಪಕ್ಕ ಉಳಿದುಕೊಂಡಿದೆ.

ನನ್ನ ವಾದ ಇಷ್ಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ಈ ನಾಲ್ಕರಲ್ಲಿ ಎಲ್ಲಾದರೂ ಒಂದು ಕಡೆ, ಟೆಲಿಫೋನ್ ಎಕ್ಸ್‌ಚೇಂಜಿನೊಳಗೇ ಒಂದು ಹಾಲನ್ನು ಫೋನಿನ ಮ್ಯೂಸಿಯಂ ಆಗಿ ಉಳಿಸಬೇಕು. ಹಾಗೆ ಉಳಿಸುವಾಗ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಪ್ಪು ಫೋನು ಇಟ್ಟು, ಅದರ ಇಸವಿ ಬರೆದು ಕೈತೊಳೆದುಕೊಳ್ಳಬಾರದು. ಆ ಫೋನು ಯಾರ ಮನೆಯಲ್ಲಿತ್ತು, ಯಾರ ಮನೆಯಲ್ಲಿ ಇರಲಿಲ್ಲ, ಅದು ಸಾಯದಂತೆ ನೋಡಿಕೊಂಡವರು ಯಾರು, ಇದನ್ನೂ ಹೇಳಬೇಕು. ಇದನ್ನು ಹೇಳದ ಮ್ಯೂಸಿಯಂ ನನಗೆ ಬೇಡ. ಅದರ ಕೆಲಸವನ್ನು ಇಂದಿರಾನಗರದ ಕೆಫೆಗಳು ಈಗಾಗಲೇ ಮಾಡುತ್ತಿವೆ. ಡಯಲ್ ಫೋನಿನ ಪಕ್ಕ ಕೂತು ಫಿಲ್ಟರ್ ಕಾಫಿ ಕುಡಿಯಬಹುದು.

ಇದನ್ನು ಬರೆಯುವ ಮೊದಲು ವಿಜಯನಗರದಲ್ಲಿ ಮೆಟ್ರೋ ಹತ್ತಿ, ಎಂ.ಜಿ. ರಸ್ತೆಯಲ್ಲಿ ಇಳಿದು ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿಗೆ ನಡೆದುಕೊಂಡು ಹೋದೆ. ಅಲ್ಲಿನ ಹಳೆಯ ಬಂಗಲೆಯಲ್ಲಿ ಅಂಚೆ ಇಲಾಖೆಯವರು 'ಸಂದೇಶ್' ಎಂಬ ಸಂವಹನ ಮ್ಯೂಸಿಯಂ ಮಾಡಿದ್ದಾರೆ. ಆ ರಸ್ತೆಗೆ ಹೆಸರು ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿದ್ದ ಮ್ಯೂಸಿಯಮ್ಮಿನಿಂದ. ಅದು ಕಬ್ಬನ್ ಪಾರ್ಕಿನ ಮಗ್ಗುಲಿಗೆ ಹೋಗಿ ನೂರೈವತ್ತು ವರ್ಷವಾಗುತ್ತ ಬಂತು; ಖಾಲಿ ಹೆಸರನ್ನು ರಸ್ತೆ ಹೊತ್ತುಕೊಂಡೇ ಇತ್ತು. ಅಂಚೆಯವರು ಆ ಹೆಸರಿನ ಮಾನ ಉಳಿಸಿದ್ದಾರೆ. ಹಳೆಯ ಅಂಚೆಪೆಟ್ಟಿಗೆಗಳು, ತೂಕದ ತಕ್ಕಡಿ, ಅಂಚೆಚೀಟಿಗಳು, ತಂತಿ ಕಳಿಸುತ್ತಿದ್ದ ಯಂತ್ರ. ಚಿಕ್ಕ ಜಾಗ, ಅವಸರವಿಲ್ಲದೆ ನೋಡಬಹುದು. ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಹೋಗಿ ಬನ್ನಿ. ಪತ್ರದ ಕಾದಂಬರಿಗಳ ಬಗ್ಗೆ ಸೆಮಿನಾರಿನಲ್ಲಿ ಮಾತಾಡುವ ನಾವು ಮೊಹರು ಒತ್ತುವ ಸೀಲಿನ ತೂಕ ಎಷ್ಟೆಂದು ತಿಳಿದಿರಬೇಕು.

ನಾನು ಹೆಚ್ಚು ಹೊತ್ತು ನಿಂತದ್ದು ತಂತಿಯ ಯಂತ್ರದ ಮುಂದೆ. ನಮ್ಮ ಹಳ್ಳಿಗಳ ಕಡೆ 'ತಂತಿ ಬಂತು' ಎಂದರೆ ಯಾರೋ ಹೋದರು ಅಂತಲೇ ಅರ್ಥ. ಒಡೆದು ಓದುವ ಮೊದಲೇ ಅಳು ಶುರು. ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ ಬಂದ ತಂತಿಗೂ ಮೊದಲು ಎದೆ ಬಡಿದುಕೊಂಡು ಅತ್ತವರಿದ್ದಾರೆ. ಓದುವುದಕ್ಕೆ ಮೇಷ್ಟ್ರನ್ನು ಹುಡುಕಬೇಕಿತ್ತು, ಯಾಕೆಂದರೆ ಬರುತ್ತಿದ್ದುದು ಬಹುಪಾಲು ಇಂಗ್ಲಿಷಿನಲ್ಲಿ. ಮೇಷ್ಟ್ರು ಪಕ್ಕದೂರಿಗೆ ಹೋಗಿದ್ದರೆ ಸಾವು ಅವರು ವಾಪಸು ಬರುವ ತನಕ ಕಾಯಬೇಕಿತ್ತು. 2013ರ ಜುಲೈ 15ರಿಂದ ತಂತಿ ಸೇವೆ ನಿಂತಿತು. ಕೊನೆಯ ದಿನ ಜನ ಸಾಲುಗಟ್ಟಿ ನಿಂತು ತಮಗೆ ತಾವೇ ತಂತಿ ಕಳಿಸಿಕೊಂಡರು. ನೆನಪಿಗೆ ಇರಲಿ ಅಂತ. ಆ ಸಾಲಿನಲ್ಲಿ ನಿಂತವರಿಗೂ ಮೇಷ್ಟ್ರನ್ನು ಹುಡುಕಿಕೊಂಡು ಓಡಿದವರಿಗೂ ತಂತಿ ಒಂದೇ ಅಲ್ಲ ಎಂಬುದನ್ನು ಒಂದು ಯಂತ್ರ ತಾನಾಗಿ ಹೇಳಲಾರದು. ಅದಕ್ಕೇ ಮ್ಯೂಸಿಯಂ ಬೇಕಾಗುವುದು.

ಸಂದೇಶ್ ಅಂಚೆಯವರ ಮನೆ. ಅಲ್ಲಿ ಫೋನಿನ ಕಥೆಯನ್ನು ಪೂರ್ತಿ ಹೇಳಿ ಎಂದು ಒತ್ತಾಯಿಸುವುದು ನ್ಯಾಯವಲ್ಲ. 1985ರ ಜನವರಿಯಲ್ಲಿ ಅಂಚೆ ಮತ್ತು ತಂತಿ ಇಲಾಖೆ ಎರಡು ಪಾಲಾಯಿತು. ಕಾಗದ ಒಬ್ಬರಿಗೆ, ತಂತಿ ಮತ್ತು ಫೋನು ಇನ್ನೊಬ್ಬರಿಗೆ. ಫೋನಿನ ಪಾಲು 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಎಂಬ ಕಂಪನಿಯಾಯಿತು. ಅಣ್ಣತಮ್ಮಂದಿರು ಪಾಲಾದ ಮನೆ ನೋಡಿದವರಿಗೆ ಗೊತ್ತು: ಹೊಲ, ಹಸು, ಹಿತ್ತಾಳೆ ಕೊಳಗ ಎಲ್ಲದಕ್ಕೂ ಜಗಳ ಆಗುತ್ತದೆ, ಹಳೇ ಫೋಟೋಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವು ಅಟ್ಟದ ಮೇಲೆ ಗೆದ್ದಲಿಗೆ. ಖಾಸಗಿ ಮೊಬೈಲ್ ಕಂಪನಿಗಳ ಜೊತೆ ಪೈಪೋಟಿಗೆ ಬಿದ್ದು ಏದುಸಿರು ಬಿಡುತ್ತಿರುವ ಕಂಪನಿಗೆ ಅಟ್ಟ ಗುಡಿಸಲು ಪುರುಸೊತ್ತಿಲ್ಲ ಅನ್ನಿ. ಆದರೆ ಆ ಅಟ್ಟ ಸಾರ್ವಜನಿಕರದ್ದು. ಫೋನಿಗಾಗಿ ಅರ್ಜಿ ಹಾಕಿ, ಠೇವಣಿ ಕಟ್ಟಿ, ವರ್ಷಗಟ್ಟಲೆ ಕಾದ ಜನರ ದುಡ್ಡಿನಿಂದ ಕಟ್ಟಿದ್ದು.

ಈಗ ಯಾಕೆ ಈ ಮಾತು? 2019ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಬಿಎಸ್‌ಎನ್‌ಎಲ್ ಉಳಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಎರಡು ಅಂಶಗಳಿದ್ದವು. ಒಂದು, ಸ್ವಯಂ ನಿವೃತ್ತಿ. 2020ರ ಜನವರಿ ಕೊನೆಯ ಹೊತ್ತಿಗೆ ದೇಶಾದ್ಯಂತ ಸುಮಾರು 78 ಸಾವಿರ ಜನ ಒಟ್ಟಿಗೆ ಮನೆಗೆ ಹೋದರು. ಇನ್ನೊಂದು, ಜಾಗ ಮತ್ತು ಕಟ್ಟಡಗಳಿಂದ ಹಣ ಎತ್ತುವುದು. ಕಟ್ಟಡ ಮಾರಾಟಕ್ಕೆ, ಬಾಡಿಗೆಗೆ ಸಿದ್ಧವಾಗುತ್ತಿದೆ; ಅದರ ಒಳಗಿನ ಕೆಲಸ ಗೊತ್ತಿದ್ದವರು ನಿವೃತ್ತರಾಗಿ ವಯಸ್ಸಾಗುತ್ತಿದ್ದಾರೆ. ಎರಡೂ ಒಂದೇ ಕಾಲಕ್ಕೆ ನಡೆಯುತ್ತಿದೆ. ಹತ್ತು ವರ್ಷ ಬಿಟ್ಟು ಈ ಲೇಖನ ಬರೆದರೆ ಅದು ಶ್ರದ್ಧಾಂಜಲಿ ಆಗುತ್ತದೆ.

ಪಶ್ಚಿಮ ಬೆಂಗಳೂರಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಎಕ್ಸ್‌ಚೇಂಜು ಎಂದರೆ ವಿಳಾಸ ಹೇಳುವಾಗ ಬಳಸುವ ಒಂದು ಗುರುತು. ಒಳಗೆ ಏನಿದೆ ಎಂದು ಕೇಳಿದವರು ಕಡಿಮೆ. ಐಟಿಐ ಮೊದಲು ತಯಾರಿಸಿದ್ದು ಸ್ಟ್ರೋಜರ್ ಎಂಬ ಬಗೆಯ ಎಕ್ಸ್‌ಚೇಂಜನ್ನು. ಅದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೋಜರ್ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ಮಾಡುತ್ತಿದ್ದವನು. 1891ರಲ್ಲಿ ಪೇಟೆಂಟ್ ಪಡೆದ. ಆಪರೇಟರು ತನ್ನ ಗಿರಾಕಿಗಳ ಕರೆಯನ್ನು ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆ ಎಂಬ ಅನುಮಾನದಿಂದ ಆಪರೇಟರೇ ಬೇಡದ ಯಂತ್ರ ಮಾಡಿದ ಎಂಬ ಕಥೆಯೂ ಇದೆ. ಯಂತ್ರ ಕೆಲಸ ಮಾಡುವ ರೀತಿ ಮಾತ್ರ ಚೆಂದ. ನೀವು 7 ತಿರುಗಿಸಿ ಬಿಟ್ಟರೆ ಡಯಲ್ಲು ಹಿಂದಕ್ಕೆ ಬರುವಾಗ ಏಳು ಸಲ ವಿದ್ಯುತ್ತು ಕಡಿಯುತ್ತದೆ. ಎಕ್ಸ್‌ಚೇಂಜಿನಲ್ಲಿ ಒಂದು ಲೋಹದ ತೋಳು ಏಳು ಮೆಟ್ಟಿಲು ಮೇಲೆ ಹತ್ತುತ್ತದೆ, ಆಮೇಲೆ ಅಡ್ಡಕ್ಕೆ ತಿರುಗಿ ಖಾಲಿ ದಾರಿ ಹುಡುಕುತ್ತದೆ. ಮುಂದಿನ ಅಂಕಿಗೆ ಇನ್ನೊಂದು ತೋಳು. ನಿಮ್ಮ ಬೆರಳು ಇಲ್ಲಿ ಆಡಿದ್ದನ್ನು ಅಲ್ಲಿ ಒಂದು ಯಂತ್ರ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಮಾಡಿ ತೋರಿಸುತ್ತಿತ್ತು. ಎಂಜಿನಿಯರಿಂಗ್ ಕಾಲೇಜುಗಳ ರಾಜಧಾನಿ ಅನ್ನಿಸಿಕೊಂಡ ಈ ಊರಿನಲ್ಲಿ ಇದನ್ನು ಮಕ್ಕಳಿಗೆ ಚಾಲೂ ಮಾಡಿ ತೋರಿಸಬೇಕು. ನಿಂತ ಯಂತ್ರ ಬರೀ ಕಬ್ಬಿಣದ ಬೀರು.

ಕರೆಂಟು ಹೋದರೂ ಲ್ಯಾಂಡ್‌ಲೈನ್ ಯಾಕೆ ನಡೆಯುತ್ತಿತ್ತು ಎಂದು ನಿಮ್ಮ ಮನೆಯ ಚಿಕ್ಕವರನ್ನು ಕೇಳಿ ನೋಡಿ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ 48 ವೋಲ್ಟು ನಿಮ್ಮ ಮನೆಯ ತನಕ ತಾಮ್ರದ ಎಳೆಯಲ್ಲಿ ಬರುತ್ತಿತ್ತು. ನಂಬರಿಗೂ ಊರಿತ್ತು. ಆಗ ನಮ್ಮ ಕಡೆಯ ನಂಬರು 3ರಿಂದ ಶುರುವಾಗುತ್ತಿತ್ತು. ಆಮೇಲೆ ಎಲ್ಲದರ ಮುಂದೆ 2 ಸೇರಿಸಿ ಎಂಟಂಕಿ ಮಾಡಿದರು. ನಂಬರು ನೋಡಿ 'ಓ, ರಾಜಾಜಿನಗರದ ಕಡೆಯವರಾ' ಅನ್ನಬಹುದಿತ್ತು. ಮೊಬೈಲ್ ನಂಬರು ನೋಡಿ ಯಾರನ್ನೂ ಹಾಗೆ ಕೇಳಲಾಗುವುದಿಲ್ಲ.

ಇಷ್ಟಕ್ಕೇ ನಿಂತರೆ ನಾನೂ ಹಳಹಳಿಕೆಯವಳೇ ಆದೆ. ಹಳೇ ಫೋನಿನ ರೀಲ್ಸ್ ಮಾಡುವವರು ಹೇಳದ ಮಾತು ಒಂದಿದೆ: ಬೀದಿಗೆ ಒಂದು ಫೋನಿದ್ದ ಕಾಲ ಬೀದಿಯೆಲ್ಲ ಒಂದಾಗಿದ್ದ ಕಾಲವೇನೂ ಆಗಿರಲಿಲ್ಲ. ವಿಸಿಟಿಂಗ್ ಕಾರ್ಡುಗಳಲ್ಲಿ, ಮದುವೆ ಕಾಗದಗಳಲ್ಲಿ ನಂಬರಿನ ಪಕ್ಕ 'ಪಿ.ಪಿ.' ಎಂದು ಬರೆಯುತ್ತಿದ್ದರು. ನಂಬರು ನಮ್ಮದಲ್ಲ, ಪಕ್ಕದ ಮನೆಯವರದು, ದಯವಿಟ್ಟು ಕರೆಯಿಸಿ ಎಂದು ಅದರ ಅರ್ಥ. ಆ ಎರಡಕ್ಷರದಲ್ಲಿ ಎಷ್ಟು ಸಂಕೋಚ ಇತ್ತು! ಫೋನಿದ್ದ ಮನೆಯ ಹಾಲಿನ ತನಕ ಯಾರು ಹೋಗಬಹುದಿತ್ತು? ಯಾರಿಗೆ ಕಿಟಕಿಯಿಂದ ರಿಸೀವರ್ ಕೊಡುತ್ತಿದ್ದರು? ಯಾರಿಗೆ ಗೇಟಿನ ಹತ್ತಿರವೇ 'ನಿಮ್ಮೂರಿಂದ ಫೋನ್ ಬಂದಿತ್ತು, ಏನೋ ಅರ್ಜೆಂಟಂತೆ' ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದರು? ಹಳ್ಳಿಯಲ್ಲಿ ಫೋನು ಇದ್ದದ್ದು ಗೌಡರ ಮನೆಯಲ್ಲೋ ಅಂಗಡಿಯಲ್ಲೋ. ಕೇರಿಯವರ ಕರೆ ಕೇರಿಯ ತನಕ ತಲುಪಬೇಕಾದರೆ ಜಾತಿಯ ಎಷ್ಟು ಹೊಸಿಲು ದಾಟಬೇಕಿತ್ತು ಎಂದು ಯಾವ ಎಕ್ಸ್‌ಚೇಂಜಿನ ಲೆಕ್ಕದ ಪುಸ್ತಕವೂ ಬರೆದಿಟ್ಟಿಲ್ಲ. ಎಲ್ಲರ ಕೈಗೆ ಮೊಬೈಲು ಬಂದದ್ದು ಎಷ್ಟೋ ಮನೆಗಳಿಗೆ ಬಿಡುಗಡೆ. ಗೇಟಿನಲ್ಲಿ ನಿಲ್ಲುವುದು ತಪ್ಪಿತು. ಅದಕ್ಕೇ 'ಆ ಕಾಲವೇ ಚೆನ್ನಾಗಿತ್ತು' ಎಂಬ ಮಾತಿಗೆ ನನ್ನ ವಿರೋಧ. ಮೊದಲು ಆಗ ನಿಮ್ಮ ಮನೆಯಲ್ಲಿ ಫೋನಿತ್ತೇ ಎಂದು ಹೇಳಿ.

ನಮ್ಮ ಮನೆಯಲ್ಲಿ ಇರಲಿಲ್ಲ. ಅಮ್ಮ ಹಾಸನದ ಕಡೆಯಿಂದ ಮದುವೆಯಾಗಿ ಬಂದವರು, ಗಾರ್ಮೆಂಟ್ಸಿನಲ್ಲಿ ದುಡಿದವರು. ಭಾನುವಾರ ರಾತ್ರಿ ಬಸವೇಶ್ವರನಗರದ ಒಂದು ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡುತ್ತಿದ್ದರು. ಅಜ್ಜಿ ಮೊದಲೇ ಬಂದು ಅಂಗಡಿಯ ಕಟ್ಟೆ ಮೇಲೆ ಕೂತಿರುತ್ತಿದ್ದರು. ತಡವಾದಷ್ಟೂ ದರ ಇಳಿಯುತ್ತಿತ್ತು, ಕಾಲುಭಾಗದ ತನಕ. ಹಾಗಾಗಿ ಬಡವರ ಮಾತು ಯಾವಾಗಲೂ ರಾತ್ರಿ ಹೊತ್ತಿನ ಮಾತು. ಬೂತಿನ ಗಾಜಿನ ಬಾಗಿಲು, ಒಳಗೆ ಸೆಖೆ, ಕಣ್ಣೆದುರಿಗೇ ಓಡುವ ಕೆಂಪು ಅಂಕಿ. 'ಮಾತಾಡೋದಕ್ಕಿಂತ ಮೀಟರ್ ನೋಡೋದೇ ಜಾಸ್ತಿ ಆಗ್ತಿತ್ತು ಕಣೆ' ಅನ್ನುತ್ತಾರೆ ಅಮ್ಮ. ಬೂತು ನಡೆಸುತ್ತಿದ್ದವರಿಗೆ ಕಾಲಿಗೆ ಪೋಲಿಯೋ. ಅಂಗವಿಕಲರಿಗೆ ಪಿಸಿಒ ಹಂಚಿಕೆಯಲ್ಲಿ ಆದ್ಯತೆ ಇತ್ತು. ಹಳದಿ ಬೋರ್ಡಿನ ಹಿಂದೆ ಹಾಗೆ ಎಷ್ಟೋ ಸಂಸಾರಗಳು ನಿಂತವು. ಕರೆಯ ದರ ಇಳಿದು ಮೊಬೈಲ್ ಬಂದಾಗ ನಾವೆಲ್ಲ ಗೆದ್ದೆವು, ಆ ಬೂತಿನವರು ಜೆರಾಕ್ಸ್ ಮೆಷಿನ್ ಹಾಕಿಕೊಂಡರು, ಆಮೇಲೆ ರೀಚಾರ್ಜ್, ಆಮೇಲೆ ಬಾಗಿಲು ಹಾಕಿದರು. ಮ್ಯೂಸಿಯಮ್ಮಿನಲ್ಲಿ ಒಂದು ಬೂತು ಇಡಿ. ಮೀಟರು ಓಡಲಿ. ಒಳಗೆ ನಿಂತು ಮೂರು ನಿಮಿಷದಲ್ಲಿ ಅಮ್ಮನಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿ ಎಂದು ನೋಡಲು ಬಂದ ವಿದ್ಯಾರ್ಥಿಗಳಿಗೆ ಹೇಳಿ.

ಸಾಹಿತ್ಯ ಓದುವವರಿಗೆ ಇದರಲ್ಲಿ ಏನಿದೆ ಎಂದು ನನ್ನ ಸಹಪಾಠಿಗಳೇ ಕೇಳುತ್ತಾರೆ. 'ಬೆಳದಿಂಗಳ ಬಾಲೆ' ನೋಡಿದ್ದೀರಲ್ಲ? 1995ರದು, ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಆಧರಿಸಿದ್ದು. ಅನಂತ್‌ನಾಗ್ ಮಾಡಿದ ಚೆಸ್ ಆಟಗಾರನಿಗೆ ಗುರುತಿಲ್ಲದ ಹೆಣ್ಣಿನ ಫೋನು ಬರುತ್ತದೆ. ಅವಳ ನಂಬರು ಪತ್ತೆಮಾಡುವುದೇ ಸವಾಲು. ಪರದೆಯ ಮೇಲೆ ನಂಬರು ಮೂಡುವ ಫೋನು ಬಂದ ಮೇಲೆ ಈ ಕಥೆ ಮೊದಲ ರೀಲಿನಲ್ಲೇ ಮುಗಿಯುತ್ತದೆ. ಅದೇ 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತಾದಿಂದ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಯಂತ್ರ ಹೇಗಿದೆಯೋ ಕಥೆ ಹಾಗೆ. ಟ್ರಂಕ್ ಕಾಲ್ ಅಂದರೇನು ಎಂದು ಅಡಿಟಿಪ್ಪಣಿ ಹಾಕದೆ ನಮ್ಮ ಹಳೆಯ ಕಥೆಗಳನ್ನು ಕಲಿಸಲಾಗದ ಕಾಲ ಬಂದಾಗಿದೆ. ಫಲಕಗಳ ಕನ್ನಡದ ಬಗ್ಗೆಯೂ ಒಂದು ಮಾತು: ಸರ್ಕಾರಿ ಅನುವಾದದ 'ದೂರವಾಣಿ ವಿನಿಮಯ ಕೇಂದ್ರ' ಒಂದೇ ಸಾಲದು. ಜನ ಕಟ್ಟಿಕೊಂಡ ಮಾತುಗಳು ಬೇಕು. ಲೈನು ಡೆಡ್ ಆಯಿತು, ರಾಂಗ್ ನಂಬರು, ಮಿಸ್‌ಕಾಲ್ ಕೊಡು. ಧಾರವಾಡದ ಕಡೆ ಫೋನು 'ಹಚ್ಚುತ್ತಾರೆ', ದೀಪ ಹಚ್ಚಿದ ಹಾಗೆ. ಬೆಂಗಳೂರಿನವರ 'ಫೋನ್ ಮಾಡು' ಅದರ ಮುಂದೆ ಸಪ್ಪೆ.

ಇನ್ನು ದುಡಿದವರ ಮಾತು. ದೂರವಾಣಿನಗರದ ಕಾರ್ಖಾನೆಯ ಚರಿತ್ರೆಯನ್ನು ದಿಲೀಪ್ ಸುಬ್ರಮಣಿಯನ್ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕವಾಗಿ ಬರೆದಿದ್ದಾರೆ. ಆ ಕೆಲಸ ಕನ್ನಡದಲ್ಲೂ ಆಗಬೇಕು. 1980ರ ಡಿಸೆಂಬರಿನಿಂದ 1981ರ ಮಾರ್ಚಿನ ತನಕ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ ಕಾರ್ಮಿಕರು ಒಟ್ಟಾಗಿ 77 ದಿನ ಮುಷ್ಕರ ಹೂಡಿದ ಊರು ಇದು. ಮೈಸೂರು ರಸ್ತೆಯಲ್ಲಿ ರೇಡಿಯೋ ತಯಾರಿಸುತ್ತಿದ್ದ ರೆಮ್ಕೋ ಕಾರ್ಖಾನೆ ಆಮೇಲೆ ಬಿಎಚ್‌ಇಎಲ್ ಪಾಲಾಯಿತು, ಹೆಸರು ಬಡಾವಣೆಗೆ ಉಳಿಯಿತು. ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಇಂಥ ಕಾರ್ಖಾನೆಗಳ ಸಂಬಳದಿಂದ ಕಟ್ಟಿದ ಮನೆಗಳು ಎಷ್ಟೋ ಇವೆ. ಅವುಗಳ ಮೇಲೇ ಈಗ ನಾಲ್ಕಂತಸ್ತಿನ ಪಿ.ಜಿ. ಎದ್ದಿವೆ, ಐಟಿ ಹುಡುಗರಿಗೆ.

ನನಗೆ ಸಿಗುವ ಆಕ್ಷೇಪಗಳು ಎರಡು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲದಾಗ ಫೋನಿಗೆ ಮ್ಯೂಸಿಯಂ ಯಾಕೆ ಎಂಬುದು ಒಂದು. ಇದನ್ನು ಕೇಳುವವರು ಮೇಲ್ಸೇತುವೆಗೆ, ಪ್ರತಿಮೆಗೆ ದುಡ್ಡು ಹೋಗುವಾಗ ಆಸ್ಪತ್ರೆಯನ್ನು ನೆನೆಯುವುದಿಲ್ಲ. ನಾನು ಕೇಳುತ್ತಿರುವುದು ಈಗಾಗಲೇ ಇರುವ ಕಟ್ಟಡದ ಒಂದು ಹಾಲು, ಗುಜರಿಗೆ ಹೋಗಲಿರುವ ಕೆಲವು ರ್‍ಯಾಕು, ನಿವೃತ್ತರ ವಾರದ ಎರಡು ದಿನ. ಎರಡನೆಯದು, ಫೋನು ಪರಂಪರೆ ಹೇಗಾಗುತ್ತದೆ ಎಂಬುದು. ಇದಕ್ಕೆ ಕಿತ್ತೂರಿನ ಉತ್ತರ ಕೊಡುತ್ತೇನೆ.

1984ರಲ್ಲಿ ಸ್ಯಾಮ್ ಪಿತ್ರೋಡಾ ನೇತೃತ್ವದಲ್ಲಿ ಸಿ-ಡಾಟ್ ಶುರುವಾಯಿತು. 36 ತಿಂಗಳು, 36 ಕೋಟಿ ರೂಪಾಯಿ. ನಮ್ಮದೇ ಡಿಜಿಟಲ್ ಎಕ್ಸ್‌ಚೇಂಜು ಮಾಡುತ್ತೇವೆ ಎಂಬ ಮಾತು. ಹೊರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಹಳ್ಳಿಯಲ್ಲಿ ಎಸಿ ಎಲ್ಲಿಂದ ತರುವುದು? ಧೂಳು, ಸೆಖೆ, ಕೈಕೊಡುವ ಕರೆಂಟು, ಇದನ್ನೆಲ್ಲ ತಾಳಿಕೊಳ್ಳುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ಅವರು ಮಾಡಿದರು. ಅದರಲ್ಲಿ ಮೊದಲನೆಯದು 1986ರ ಜುಲೈನಲ್ಲಿ ಚಾಲೂ ಆದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ದೇಶದ ಸಾವಿರಾರು ಹಳ್ಳಿಗಳಿಗೆ ಫೋನು ಹೋದ ದಾರಿ ಅಲ್ಲಿಂದ ಶುರುವಾಯಿತು. ಚೆನ್ನಮ್ಮನ ಕೋಟೆ ನೋಡಲು ಪ್ರತಿ ವರ್ಷ ಎಷ್ಟೊಂದು ಶಾಲೆಗಳ ಬಸ್ಸು ಕಿತ್ತೂರಿಗೆ ಹೋಗುತ್ತವೆ. ಎಷ್ಟು ಮೇಷ್ಟ್ರು ಆ ಎಕ್ಸ್‌ಚೇಂಜಿನ ಮಾತು ತೆಗೆಯುತ್ತಾರೆ? ರಾಣಿಯ ಕತ್ತಿಯಷ್ಟು ದೊಡ್ಡದಲ್ಲ ಎನ್ನುವುದಾದರೆ ಬೇಡ. ಅದರ ಪಕ್ಕದಲ್ಲಿ ಒಂದು ಸಾಲಿನ ಜಾಗವೂ ಇಲ್ಲವೇ?

ಮಾಗಡಿ ರಸ್ತೆಯ ಆಚೆ ಇರುವ ಒಬ್ಬ ನಿವೃತ್ತ ಲೈನ್‌ಮನ್ನರ ಹತ್ತಿರ ನಾನು ಸಂಶೋಧನೆಗೆಂದು ಕೆಲವು ಸಲ ಹೋಗಿದ್ದೇನೆ. ಕೇಬಲ್ಲಿನೊಳಗಿನ ಜೋಡಿ ತಂತಿಗಳ ಬಣ್ಣದ ಕ್ರಮವನ್ನು ಅವರು ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮಳೆಗಾಲದಲ್ಲಿ ಗುಂಡಿಯೊಳಗೆ ಇಳಿದು, ನೀರು ಹೊಕ್ಕ ಜಾಯಿಂಟು ಬಿಚ್ಚಿ ಒಣಗಿಸಿ, ಮತ್ತೆ ಒಂದೊಂದೇ ಜೋಡಿ ಸೇರಿಸುವ ಕೆಲಸ. ತಪ್ಪಿದರೆ ಒಬ್ಬರ ಫೋನು ಇನ್ನೊಬ್ಬರ ಮನೆಯಲ್ಲಿ ರಿಂಗಾಗುತ್ತದೆ. ಕಳೆದ ಸಲ ಅವರ ಜೊತೆ ಬೀದಿಯ ಕೊನೆಯ ತನಕ ನಡೆದೆ. ಮೂಲೆಯಲ್ಲಿ ಟೆಲಿಫೋನಿನ ಪಿಲ್ಲರ್ ಪೆಟ್ಟಿಗೆ ನಿಂತಿತ್ತು, ಮೈತುಂಬ ಪಿ.ಜಿ. ಜಾಹೀರಾತಿನ ಚೀಟಿ, ಬಾಗಿಲಿನ ಒಂದು ತಿರುಗಣೆ ಕಿತ್ತುಹೋಗಿತ್ತು. ಒಳಗೆ ಕೈ ಹಾಕಿ ಒಂದು ಜೋಡಿ ಎತ್ತಿ ಹಿಡಿದು, 'ಇದು ಆ ಮೂಲೆ ಮನೆಯವರದ್ದು ಕಣಮ್ಮ, ಮಗಳು ಅಮೆರಿಕಾದಿಂದ ಮಾಡೋಳು. ಇದು ಗಿರಣಿಯವರದ್ದು' ಎಂದರು. ನಾನು ಬರೆದುಕೊಳ್ಳುತ್ತಾ ಹೋದೆ. ಇಪ್ಪತ್ತಮೂರು ಮನೆಗಳ ತನಕ ಹೇಳಿದರು, ಅಷ್ಟರಲ್ಲಿ ಕತ್ತಲಾಯಿತು.